ಸಹಿ ಹಾಕಿಸಿದವನು ನಾನೇ

ನೀವು ಕೊನೇ ಸಲ ಒಂದು ಅಗ್ರಿಮೆಂಟನ್ನು ಪೂರ್ತಿ ಓದಿ ಸಹಿ ಹಾಕಿದ್ದು ಯಾವಾಗ? ನಾನಂತೂ ಇವತ್ತಿಗೂ ಹಾಗೆ ಮಾಡಿಲ್ಲ. ಬಾಡಿಗೆ ಮನೆಯದ್ದಿರಲಿ, ಬ್ಯಾಂಕ್ ಸಾಲದ್ದಿರಲಿ, ಮೊದಲ ಕೆಲಸದ್ದಿರಲಿ, ಎದುರಿಗಿದ್ದವರು ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಪೆನ್ ವಾಪಸ್ ಕೊಟ್ಟವನು ನಾನು. ಅದಕ್ಕೇ ಇರಬೇಕು, ಹಾಸ್ಟೆಲ್‌ನಲ್ಲಿ ಓದಿದ ಒಂದು ಜಪಾನಿ ಚಿತ್ರಕಥೆ ಇಷ್ಟು ವರ್ಷವಾದರೂ ನನ್ನ ತಲೆಯಿಂದ ಇಳಿದಿಲ್ಲ.

ಅದರ ಹೆಸರು 'ಏರಿಯಾ 88'. ಬರೆದು ಚಿತ್ರಿಸಿದವರು ಕಾವೊರು ಶಿಂತಾನಿ. ಜಪಾನಿನಲ್ಲಿ ಇಂಥ ಚಿತ್ರಕಥೆಗಳಿಗೆ ಮಾಂಗಾ ಅಂತಾರೆ. 1979ರಿಂದ 1986ರವರೆಗೆ ಧಾರಾವಾಹಿಯಾಗಿ ಬಂದು, ಆಮೇಲೆ ಸಂಪುಟಗಳಾದ ಕಥೆ ಇದು. 1987ರಲ್ಲಿ ಅಮೆರಿಕದಲ್ಲಿ ಇಂಗ್ಲಿಷಿಗೆ ಬಂದ ಮೊದಮೊದಲ ಮಾಂಗಾಗಳಲ್ಲಿ ಇದೂ ಒಂದು. ಅಂದ್ರೆ ನಾನು ಹುಟ್ಟೋದಕ್ಕೂ ಮುಂಚಿನದು.

ನನಗೆ ಇದನ್ನು ತೋರಿಸಿದ್ದು ನನ್ನ ರೂಮ್‌ಮೇಟ್. ಗದಗದವನು. ಅವನ ಹಾರ್ಡ್ ಡಿಸ್ಕ್‌ನಲ್ಲಿ ಇಲ್ಲದ್ದೇ ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಇಂಟರ್ನಲ್ಸ್ ಹಿಂದಿನ ರಾತ್ರಿ, ಓದೋದು ಬಿಟ್ಟು, "ಲೇ, ಇದನ್ನ ನೋಡಲೇ, ವಿಮಾನ ಹೆಂಗ್ ತಗದಾನ ನೋಡು" ಅಂತ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ್ದ. ಇಬ್ಬರೂ ಬೆಳಗಿನ ಜಾವ 3 ಗಂಟೆವರೆಗೆ ಓದಿದ್ವಿ. ಮಾರನೇ ದಿನ ಪೇಪರ್ ಹೇಗಾಯ್ತು ಅಂತ ಕೇಳಬೇಡಿ.

ಕಥೆ ಹೀಗಿದೆ. ಶಿನ್ ಕಜಾಮಾ ಅನ್ನೋ ಜಪಾನಿ ಯುವಕ ಪ್ಯಾರಿಸ್‌ನಲ್ಲಿ ಪೈಲಟ್ ತರಬೇತಿ ಮುಗಿಸೋ ಹಂತದಲ್ಲಿದ್ದಾನೆ. ಪ್ರಯಾಣಿಕರ ವಿಮಾನ ಓಡಿಸಬೇಕು ಅಂತ ಆಸೆ. ವಿಮಾನ ಕಂಪನಿಯ ಮಾಲೀಕರ ಮಗಳು ರ್ಯೋಕೊ ಅವನನ್ನು ಪ್ರೀತಿಸ್ತಿದ್ದಾಳೆ. ಅವನ ಜೊತೆ ಅನಾಥಾಶ್ರಮದಲ್ಲಿ ಒಟ್ಟಿಗೆ ಬೆಳೆದ ಗೆಳೆಯ ಕಾನ್ಜಾಕಿ ಇದ್ದಾನೆ. ಒಂದು ರಾತ್ರಿ ಕಾನ್ಜಾಕಿ ಇವನಿಗೆ ಚೆನ್ನಾಗಿ ಕುಡಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸ್ಕೋತಾನೆ. ಅಮಲು ಇಳಿದ ಮೇಲೆ ಶಿನ್‌ಗೆ ಗೊತ್ತಾಗತ್ತೆ, ತಾನು ಸಹಿ ಹಾಕಿದ್ದು ಅಸ್ಲಾನ್ ಅನ್ನೋ ಕಾಲ್ಪನಿಕ ಮರುಭೂಮಿ ರಾಜ್ಯದ ಬಾಡಿಗೆ ಸೈನಿಕರ ವಾಯುಪಡೆಗೆ ಅಂತ. ಆ ರಾಜ್ಯದಲ್ಲಿ ಅಂತರ್ಯುದ್ಧ ನಡೀತಿದೆ. ಬಾಡಿಗೆ ಪೈಲಟ್‌ಗಳ ನೆಲೆಯ ಹೆಸರೇ ಏರಿಯಾ 88.

ಹೊರಗೆ ಬರೋಕೆ ಮೂರೇ ದಾರಿ. ಒಂದು, ಮೂರು ವರ್ಷ ಬದುಕಿ ಉಳಿಯೋದು. ಎರಡು, 15 ಲಕ್ಷ ಡಾಲರ್ ಕಟ್ಟೋದು. ಮೂರು, ಓಡಿಹೋಗೋದು. ಆದರೆ ಓಡಿಹೋಗಿ ಸಿಕ್ಕಿಬಿದ್ದರೆ ಸಾವೇ ಶಿಕ್ಷೆ.

ಹಾಸ್ಟೆಲ್‌ನಲ್ಲಿ ಓದುವಾಗ ನಮಗೆ ಕಂಡಿದ್ದು ಬರೀ ವಿಮಾನಗಳು. ಶಿಂತಾನಿಯ ಮನುಷ್ಯರಿಗೆ ಉದ್ದನೆಯ ರೆಪ್ಪೆ, ದೊಡ್ಡ ದೊಡ್ಡ ಕಣ್ಣು. ಪ್ರೇಮಕಥೆಯ ನಾಯಕರ ಹಾಗೆ ಕಾಣ್ತಾರೆ. ಆದರೆ ವಿಮಾನಗಳು ಮಾತ್ರ ನಿಜವಾದವು. ಶಿನ್ ಮೊದಲು ಓಡಿಸೋದು ಅಮೆರಿಕದ ಎಫ್-8 ಕ್ರುಸೇಡರ್. ಆಮೇಲೆ ಇಸ್ರೇಲಿನ ಕಫೀರ್, ಸ್ವೀಡನ್ನಿನ ಡ್ರಾಕೆನ್, ಎಫ್-20 ಟೈಗರ್‌ಶಾರ್ಕ್ ಅಂತ ಬದಲಾಯಿಸ್ತಾ ಹೋಗ್ತಾನೆ. ಈ ಎಫ್-20 ಬಗ್ಗೆ ಒಂದು ಮಾತು ಹೇಳಲೇಬೇಕು. ಒಳ್ಳೇ ವಿಮಾನ. ಆದರೆ ಜಗತ್ತಿನ ಯಾವ ದೇಶವೂ ಕೊಳ್ಳಲಿಲ್ಲ. ತಯಾರಾಗಿದ್ದೇ ಮೂರು. ಯಾರಿಗೂ ಬೇಡವಾದ ವಿಮಾನ ಇಲ್ಲಿ ಮನೆಗೆ ಹೋಗಬೇಕು ಅನ್ನೋ ಒಬ್ಬ ಬಾಡಿಗೆ ಪೈಲಟ್ ಕೈಗೆ ಸಿಗತ್ತೆ. ನನ್ನ ಗೆಳೆಯನಿಗೆ ಇದು ಎಷ್ಟು ಇಷ್ಟವಾಗಿತ್ತು ಅಂದ್ರೆ, ನಮ್ಮ ರೂಮಿನ ಬಾಗಿಲ ಹಿಂದೆ ಅವನು ಪೆನ್ಸಿಲ್‌ನಲ್ಲಿ ಎಫ್-20 ಬರೆದಿದ್ದ. ವಾರ್ಡನ್ ಅದಕ್ಕೆ 200 ರೂಪಾಯಿ ದಂಡ ಹಾಕಿದ್ದರು.

ಕಾಲೇಜು ಮುಗಿದ ಮೇಲೆ ನನಗೆ ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸ ಸಿಕ್ತು. ಮೂರು ವರ್ಷದ ಬಾಂಡ್. ನಡುವೆ ಬಿಟ್ಟರೆ 2 ಲಕ್ಷ ಕಟ್ಟಬೇಕು. ಅಲ್ಲೀತನಕ ಒರಿಜಿನಲ್ ಮಾರ್ಕ್ಸ್ ಕಾರ್ಡ್‌ಗಳು ಅವರ ಕಪಾಟಿನಲ್ಲಿ. ಹೇಳದೆ ಬಿಟ್ಟು ಹೋದರೆ 'ಅಬ್‌ಸ್ಕಾಂಡಿಂಗ್' ಅಂತ ಬರೆದು, ಮುಂದಿನ ಕಂಪನಿ ವಿಚಾರಿಸಿದಾಗ ಹಾಗೇ ಹೇಳ್ತಾರೆ. ಸಹಿ ಹಾಕೋವಾಗ ನನಗೆ ನಗು ಬಂತು. ಗೆಳೆಯನಿಗೆ ಮೆಸೇಜ್ ಮಾಡಿದೆ: "ಮಗಾ, ನಾನು ಏರಿಯಾ 88 ಸೇರ್ಕೊಂಡೆ."

ಯುದ್ಧವನ್ನೂ ಆಫೀಸನ್ನೂ ಹೋಲಿಸೋದು ಸರಿಯಲ್ಲ, ನನಗೆ ಗೊತ್ತು. ಏಸಿ ರೂಮಲ್ಲಿ ಕೂತು ಕೋಡ್ ಬರೆಯೋನನ್ನ ಯಾರೂ ಹೊಡೆದು ಕೆಡವಲ್ಲ. ಆದರೆ ಇತ್ತೀಚೆಗೆ ಈ ಕಥೆಯನ್ನು ಮತ್ತೆ ಓದಿದಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸ್ತು. ಇದರ ಅಸಲಿ ನೈಜತೆ ವಿಮಾನದ ರೆಕ್ಕೆಯಲ್ಲಿಲ್ಲ. ಹಾಗೆ ನೋಡಿದರೆ ಮುಂದೆ ಒಂದು ಕಡೆ ಮರುಭೂಮಿಯ ಮರಳಿನ ಮೇಲೆ ಓಡೋ ವಿಮಾನವಾಹಕ ನೌಕೆಯೇ ಬರತ್ತೆ, ಅದನ್ನ ಯಾವ ಎಂಜಿನಿಯರೂ ನಂಬಲ್ಲ! ನೈಜತೆ ಇರೋದು ಲೆಕ್ಕದ ಪುಸ್ತಕದಲ್ಲಿ.

ಏರಿಯಾ 88ರಲ್ಲಿ ಪೈಲಟ್‌ಗೆ ಸಂಬಳ ಅಂತಿಲ್ಲ. ಶತ್ರು ವಿಮಾನ ಕೆಡವಿದರೆ ದುಡ್ಡು. ಆದರೆ ವಿಮಾನ ಅವನದೇ, ಇಂಧನ ಅವನದೇ, ಗುಂಡು, ಮಿಸೈಲ್ ಎಲ್ಲಾ ಅವನ ಖಾತೆಯಿಂದಲೇ. ಇದನ್ನೆಲ್ಲ ಮಾರೋಕೆ ಮೆಕಾಯ್ ಅನ್ನೋ ಮುದುಕ ವ್ಯಾಪಾರಿ ಇದ್ದಾನೆ. ದುಡ್ಡು ಕೊಟ್ಟರೆ ಏನು ಬೇಕಾದರೂ ತಂದುಕೊಡ್ತಾನೆ. ನಗಿಸೋ ಪಾತ್ರ. ಆದರೆ ಯಾರು ಸತ್ತರೂ ಲಾಭ ಆಗೋದು ಇವನೊಬ್ಬನಿಗೇ. ಶಿನ್ ಕಷ್ಟಪಟ್ಟು ಕೂಡಿಸ್ತಾನೆ. ವಿಮಾನ ಹೋಗತ್ತೆ. ಹೊಸದು ಕೊಳ್ಳಬೇಕು. ಕೂಡಿಸಿದ್ದೆಲ್ಲ ಖಾಲಿ. ಮನೆ ಮತ್ತೆ ದೂರ. ಬೇಗ ಮನೆಗೆ ಹೋಗಬೇಕು ಅಂದ್ರೆ ಹೆಚ್ಚು ಜನರನ್ನು ಕೊಲ್ಲಬೇಕು. ಹೆಚ್ಚು ಕೊಂದ ಹಾಗೆಲ್ಲ, ಮನೆಗೆ ಹೋಗಬೇಕು ಅಂತಿದ್ದ ಆ ಹುಡುಗ ಕಮ್ಮಿ ಆಗ್ತಾ ಹೋಗ್ತಾನೆ. ಶಿನ್ ಅಲ್ಲಿನ ಅತ್ಯುತ್ತಮ ಪೈಲಟ್ ಆಗ್ತಾನೆ. ತನಗೆ ಬೇಡವಾದ ಕೆಲಸದಲ್ಲಿ ಮನುಷ್ಯ ಅಷ್ಟು ಚೆನ್ನಾಗಿ ಪಳಗಿಬಿಡಬಹುದು ಅನ್ನೋದೇ ಈ ಕಥೆಯ ಭಯ.

ಜೊತೆಗಿರೋರೂ ಹಾಗೇ. ಮಿಕ್ಕಿ ಸೈಮನ್ ಅನ್ನೋ ಅಮೆರಿಕನ್ ವಿಯೆಟ್ನಾಂನಲ್ಲಿ ಹೋರಾಡಿ ಮನೆಗೆ ಹೋದವನು. ಆದರೆ ಊರಿನ ಬದುಕು ಒಗ್ಗಲಿಲ್ಲ. ಅವನಿಗೆ ಯಾರೂ ಮೋಸ ಮಾಡಿ ಸಹಿ ಹಾಕಿಸಿಲ್ಲ, ತಾನೇ ಹುಡುಕಿಕೊಂಡು ಬಂದಿದ್ದಾನೆ. ನೆಲೆಯ ಮುಖ್ಯಸ್ಥ ಸಾಕಿ ರಾಜವಂಶದವನು, ರಾಜನಾದ ತನ್ನ ಅಪ್ಪನ ಸಹೋದರನ ಪರ ಹೋರಾಡ್ತಿದ್ದಾನೆ. ಎದುರು ಬಣ ನಡೆಸ್ತಿರೋದು ಅವನ ಸ್ವಂತ ಅಪ್ಪ. 1985ರಲ್ಲಿ ಈ ಕಥೆ ಅನಿಮೆಯಾಗಿ ಬಂತು. ಅದರ ಕೊನೆಯಲ್ಲಿ, ಬಿಡುಗಡೆ ಸಿಕ್ಕ ಮೇಲೂ ಶಿನ್ ರ್ಯೋಕೊ ಹತ್ತಿರ ಹೋಗಲ್ಲ, ಯುದ್ಧಕ್ಕೇ ವಾಪಸ್ ಹೋಗ್ತಾನೆ. ಮುಗಿದಾಗ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಸುಮ್ಮನೆ ಕೂತಿದ್ದೆ.

ಇಲ್ಲೀತನಕ ನಾನು ಓದ್ತಿದ್ದದ್ದು ನನ್ನನ್ನ ಶಿನ್ ಅಂದ್ಕೊಂಡು. ಮೂರು ವರ್ಷದ ಬಾಂಡ್, ಬೇಡವಾದ ಕೆಲಸ, ನೈಟ್ ಶಿಫ್ಟ್. ಈಗ ಊರಿಗೆ ರಜೆ ಮೇಲೆ ಹೋದರೂ ಎರಡನೇ ದಿನಕ್ಕೇ ಲ್ಯಾಪ್‌ಟಾಪ್ ತೆಗೆಯೋ ಚಟ. ಪಾಪ ನಾನು, ಅಂತ ಅನ್ನಿಸ್ತಿತ್ತು.

ಹಾಗಲ್ಲ ಅಂತ ತೋರಿಸಿದ್ದು ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ವಾಯುಪಡೆಯಲ್ಲಿದ್ದವರು. ಪೈಲಟ್ ಅಲ್ಲ, ನೆಲದ ಮೇಲೆ ವಿಮಾನ ರಿಪೇರಿ ಮಾಡೋ ಟೆಕ್ನಿಷಿಯನ್. ಜಾಲಹಳ್ಳಿಯಲ್ಲಿ ತರಬೇತಿ, ಆಮೇಲೆ ಉತ್ತರದ ಕಡೆ 20 ವರ್ಷ, ಈಗ ಹಾಸನದಲ್ಲಿ ನಿವೃತ್ತ ಜೀವನ. ದೀಪಾವಳಿಗೆ ಊರಿಗೆ ಹೋದಾಗ ನಾನು ಜಗಲಿಯಲ್ಲಿ ಕೂತು ಇದನ್ನೇ ಓದ್ತಿದ್ದೆ. ಹಿಂದಿನಿಂದ ಬಂದು ಬಗ್ಗಿ ನೋಡಿದರು.

"ಏನೋ ಇದು, ಈ ವಯಸ್ಸಲ್ಲಿ ಕಾಮಿಕ್ಸು?" ಅಂದ್ರು. ಆಮೇಲೆ ಕನ್ನಡಕ ಹಾಕ್ಕೊಂಡು ಫೋನ್ ಕೈಗೆ ತಗೊಂಡ್ರು. ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ಮಾಡಿ ನೋಡಿದರು. ನಾನು ಕಥೆ ಹೇಳಿದೆ. ಮೂರು ವರ್ಷದ ಕರಾರು ಅಂದಾಗ ನಕ್ಕುಬಿಟ್ಟರು.

"ಮೂರು ವರ್ಷಾನಾ? ನಾನು ಸಹಿ ಹಾಕಿದ್ದು 20 ವರ್ಷಕ್ಕೆ ಕಣೋ. ಆಗ ನಂಗೆ 18. ಅಪ್ಪ ಹಾಕು ಅಂದ್ರು, ಹಾಕ್ದೆ."

"ಬೇಜಾರಿಲ್ವಾ ಚಿಕ್ಕಪ್ಪ?"

"ನಂಗೇನೋ ಒಳ್ಳೇದೇ ಆಯ್ತು. ಮನೆ ಕಟ್ಟಿದೆ, ಮಕ್ಕಳನ್ನ ಓದಿಸಿದೆ." ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು, "ಇದರಲ್ಲಿ ನೆಲದ ಮೇಲೆ ಕಾಯೋರನ್ನ ತೋರಿಸಿದಾರಾ?"

ತೋರಿಸಿದಾರೆ ಅಂದೆ. ಹೋದ ವಿಮಾನಗಳು ವಾಪಸ್ ಬರೋ ಹೊತ್ತಿಗೆ ನೆಲೆಯವರೆಲ್ಲ ಆಕಾಶ ನೋಡ್ಕೊಂಡು ನಿಂತಿರೋ ಒಂದು ಪುಟ ತೆಗೆದು ಕೊಟ್ಟೆ. ಬಹಳ ಹೊತ್ತು ಅದನ್ನೇ ನೋಡಿದರು.

"ನಾವೂ ಎಣಿಸ್ತಿದ್ವಿ. ಹೋಗುವಾಗ ನಾಕು, ಬರುವಾಗ ನಾಕು. ಒಂದಿನ ಮೂರೇ ಬಂತು. ಯುದ್ಧ ಅಲ್ಲ, ಏನೂ ಅಲ್ಲ, ಮಾಮೂಲಿ ಅಭ್ಯಾಸ. ವಿಚಾರಣೆ ಆಯ್ತು, ನಮ್ಮ ತಪ್ಪೇನೂ ಇಲ್ಲ ಅಂತಾನೂ ಆಯ್ತು. ಆದ್ರೂ ನೋಡು, ಆ ವಿಮಾನ ರೆಡಿ ಇದೆ ಅಂತ ಬೆಳಿಗ್ಗೆ ಸಹಿ ಹಾಕಿ ಕೊಟ್ಟವನು ನಾನು. ಆ ಹುಡುಗ ನಂಬಿ ಹತ್ತಿದ್ದ."

ಚಿಕ್ಕಮ್ಮ ಊಟಕ್ಕೆ ಕರೆದರು. ಅವರು ಫೋನ್ ನನ್ನ ಕೈಗೆ ಕೊಟ್ಟು ಎದ್ದು ಹೋದರು. ಇಷ್ಟು ವರ್ಷದಲ್ಲಿ ಈ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಅವರು ಹೇಳಿರಲಿಲ್ಲ ಅಂತ ಆಮೇಲೆ ಅಮ್ಮನಿಂದ ತಿಳೀತು.

ಊಟಕ್ಕೆ ಕೂತರೂ ನನಗೆ ತುತ್ತು ಇಳೀಲಿಲ್ಲ. 'ನಂಬಿ ಹತ್ತಿದ್ದ' ಅನ್ನೋ ಮಾತು ಕಿವಿಯಲ್ಲೇ ಇತ್ತು. ಯಾಕೆ ಅಂದ್ರೆ ನನ್ನನ್ನ ನಂಬಿ ಹತ್ತಿದ ಒಬ್ಬ ಇದ್ದ.

ನಾನು ಕೆಲಸಕ್ಕೆ ಸೇರಿ ಆರು ತಿಂಗಳಿಗೆ ಕಂಪನಿಯಲ್ಲಿ ರೆಫರಲ್ ಸ್ಕೀಮ್ ಬಂತು. ಒಬ್ಬರನ್ನು ಸೇರಿಸಿದರೆ 25 ಸಾವಿರ. ನನ್ನ ಗದಗದ ಗೆಳೆಯ ಆಗ ಇನ್ನೂ ಕೆಲಸ ಹುಡುಕ್ತಿದ್ದ. ನಾನು ಫೋನ್ ಮಾಡಿ, "ಬಾರೋ, ಒಳ್ಳೇ ಕಂಪನಿ, ಒಟ್ಟಿಗೆ ಇರೋಣ" ಅಂದೆ. ಅಷ್ಟೊತ್ತಿಗೆ ನನಗೆ ಎಲ್ಲಾ ಗೊತ್ತಾಗಿತ್ತು. ಶನಿವಾರ, ಭಾನುವಾರ ಅಂತ ಇರಲ್ಲ, ಸೇರಿದವರನ್ನ ಸಪೋರ್ಟ್ ಶಿಫ್ಟ್‌ಗೆ ತಳ್ತಾರೆ, ಮಾರ್ಕ್ಸ್ ಕಾರ್ಡ್ ಕೇಳಿದರೆ ಜಗಳಕ್ಕೆ ಬರ್ತಾರೆ. ನನ್ನ ಟೀಮಿನ ಒಬ್ಬಳು ಮದುವೆಗೆ ಅಂತ ಬಿಡೋಕೆ ಹೋಗಿ ಅಳ್ತಾ ಕೂತಿದ್ದನ್ನ ಕಣ್ಣಾರೆ ನೋಡಿದ್ದೆ. ಯಾವುದನ್ನೂ ಅವನಿಗೆ ಹೇಳಲಿಲ್ಲ. ಅವನು ಬಂದ, ಕಾಗದ ಓದೋಕೆ ಶುರು ಮಾಡಿದಾಗ, "ಅಯ್ಯೋ ಎಲ್ಲಾ ಕಡೆ ಇರೋದೇ ಮಗಾ, ಹಾಕು" ಅಂದವನು ನಾನೇ. ನನ್ನ ಪೆನ್ನನ್ನೇ ಕೊಟ್ಟೆ. ಕುಡಿಸಿರಲಿಲ್ಲ, ಅಷ್ಟೇ ವ್ಯತ್ಯಾಸ.

ಬೋನಸ್ ಬಂದಾಗ ಅವನಿಗೆ ಊಟ ಕೊಡಿಸಿದೆ. ಯಾವ ದುಡ್ಡು ಅಂತ ಹೇಳಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ಅವನ ಅಪ್ಪನಿಗೆ ಲಕ್ವ ಹೊಡೀತು. ಗದಗದಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ, ಇವನೊಬ್ಬನೇ ಮಗ. ಎರಡು ತಿಂಗಳು ರಜೆ ಕೇಳಿದ. ಕೊಡಲಿಲ್ಲ. ಬಿಡ್ತೀನಿ ಅಂದ. 2 ಲಕ್ಷ ಕಟ್ಟಿ ಅಂದರು. ಆಸ್ಪತ್ರೆಗೇ ಸಾಲ ಮಾಡಿದ್ದ. ಆಮೇಲೆ ಪ್ರತಿ ವಾರ ರಾತ್ರಿ ಬಸ್ಸಿನಲ್ಲಿ ಗದಗಕ್ಕೆ ಹೋಗಿ, ಒಂದು ದಿನ ಅಪ್ಪನ ಹತ್ತಿರ ಇದ್ದು, ಮತ್ತೆ ರಾತ್ರಿ ಬಸ್ಸಿನಲ್ಲಿ ವಾಪಸ್. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಸೀದಾ ಆಫೀಸಿಗೆ. ಸುಮಾರು ಒಂಬತ್ತು ತಿಂಗಳು ಹೀಗೇ ನಡೀತು. ಬಾಂಡ್ ಮುಗಿಯೋಕೆ ಒಂಬತ್ತು ತಿಂಗಳು ಬಾಕಿ ಇರುವಾಗ ಅಪ್ಪ ಹೋದರು. ಆ ರಾತ್ರಿ ಅವನು ಶಿಫ್ಟ್‌ನಲ್ಲಿದ್ದ. ಬಸ್ ಸ್ಟ್ಯಾಂಡ್‌ವರೆಗೆ ನಾನೇ ಬೈಕಲ್ಲಿ ಬಿಟ್ಟೆ. ದಾರಿಯುದ್ದಕ್ಕೂ ಅವನು ಒಂದೂ ಮಾತಾಡಲಿಲ್ಲ.

ಬಾಂಡ್ ಮುಗಿದ ದಿನವೇ ಮಾರ್ಕ್ಸ್ ಕಾರ್ಡ್ ತಗೊಂಡು ಊರಿಗೆ ಹೋದ. ಈಗ ಅಪ್ಪನ ಅಂಗಡಿ ನೋಡ್ಕೋತಾನೆ. ಹಬ್ಬಕ್ಕೆ ಮೆಸೇಜ್ ಕಳಿಸ್ತೀವಿ. ಮಾತಾಡಿದ್ದು ಕಮ್ಮಿ. ಬ್ಯುಸಿ ಅಂತ ಇಬ್ಬರೂ ಅಂದ್ಕೊಂಡಿದ್ವಿ, ಅಥವಾ ನಾನು ಹಾಗೆ ಅಂದ್ಕೊಂಡಿದ್ದೆ.

ಶಿಂತಾನಿಯ ಕಥೆಯಲ್ಲಿ ಕಾನ್ಜಾಕಿಯನ್ನ ದ್ವೇಷಿಸೋದು ಸುಲಭ. ಅವನಿಗೆ ಗೆಳೆಯನ ಹುಡುಗಿ ಬೇಕು, ಕಂಪನಿ ಬೇಕು. ಎಷ್ಟು ದೊಡ್ಡ ದ್ರೋಹ ಅಂದ್ರೆ, ಓದುವವನಿಗೆ ಅದರಲ್ಲಿ ತನ್ನ ಮುಖ ಕಾಣೋದೇ ಇಲ್ಲ. ನನಗೂ ಕಂಡಿರಲಿಲ್ಲ. ಆದರೆ ಅವನ ಕಥೆಯನ್ನೂ ಶಿಂತಾನಿ ಕೊಡ್ತಾರೆ. ಅನಾಥನಾಗಿ ಬೆಳೆದವನು, ಮೇಲೆ ಬರೋಕೆ ಒಂದೇ ಒಂದು ಏಣಿ ಕಂಡಿದೆ, ಆ ಏಣಿಯ ಮೇಲೆ ತನಗಿಂತ ಮುಂದೆ ಗೆಳೆಯ ನಿಂತಿದ್ದಾನೆ. ನನ್ನ ಎದುರಿಗಿದ್ದ ಏಣಿಗೆ 25 ಸಾವಿರದ ಒಂದೇ ಮೆಟ್ಟಿಲು. ಆ ದುಡ್ಡಲ್ಲಿ ನಾನು ಫೋನ್ ತಗೊಂಡಿದ್ದೆ. ಅದು ಎರಡು ವರ್ಷಕ್ಕೆ ಕೆಟ್ಟೂ ಹೋಯ್ತು.

ಹಬ್ಬ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಮೂರು ದಿನ ಯೋಚನೆ ಮಾಡಿದೆ. ನಾಲ್ಕನೇ ದಿನ ರಾತ್ರಿ ಅವನಿಗೆ ಫೋನ್ ಮಾಡಿದೆ. ಅಂಗಡಿ ಮುಚ್ಚೋ ಹೊತ್ತು, ಶಟರ್ ಎಳೆಯೋ ಸದ್ದು ಕೇಳಿಸ್ತಿತ್ತು.

"ಏನಲೇ, ಅಪರೂಪಕ್ಕ?" ಅಂದ.

ನಾನು ಸುತ್ತಿ ಬಳಸಿ ಮಾತಾಡೋಕೆ ಹೋಗಲಿಲ್ಲ. ನಿನ್ನನ್ನ ಸೇರಿಸಿದ್ದಕ್ಕೆ ನನಗೆ 25 ಸಾವಿರ ಬಂದಿತ್ತು ಅಂದೆ.

ಅವನು ನಕ್ಕ. "ಗೊತ್ತಲೇ. ಆ ಊಟ ಯಾವ ರೊಕ್ಕದ್ದು ಅಂತ ತಿಳೀದಷ್ಟು ದಡ್ಡ ಅಂದ್ಕೊಂಡಿಯೇನ್ ನನ್ನ? ನಾನೂ ಇಬ್ಬರನ್ನ ರೆಫರ್ ಮಾಡೀನಿ ಆಮೇಲೆ. ಒಬ್ಬ ಬರಲಿಲ್ಲ."

"ಅದಷ್ಟೇ ಅಲ್ಲ. ಅಲ್ಲಿ ಹೇಗಿರತ್ತೆ ಅಂತ ನಂಗೆ ಆಗಲೇ ಗೊತ್ತಿತ್ತು. ಮಾರ್ಕ್ಸ್ ಕಾರ್ಡ್ ಕೊಡಲ್ಲ, ರಜೆ ಕೊಡಲ್ಲ ಅಂತ. ಗೊತ್ತಿದ್ದೂ ನಿಂಗೆ ಹೇಳಲಿಲ್ಲ."

ಈ ಸಲ ನಗು ಬರಲಿಲ್ಲ. ರಸ್ತೆಯಲ್ಲಿ ಯಾವುದೋ ಟ್ರ್ಯಾಕ್ಟರ್ ಹೋಯ್ತು. ಅದರ ಸದ್ದು ಪೂರ್ತಿ ದೂರ ಆಗೋತನಕ ಅವನು ಏನೂ ಹೇಳಲಿಲ್ಲ.

"ಅದು ಗೊತ್ತಿರಲಿಲ್ಲ" ಅಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಹೇಳಿದ್ರೂ ಬಂದೇ ಬರ್ತಿದ್ದೆ ಅನಸ್ತದ. ಮನ್ಯಾಗ ರೊಕ್ಕ ಬೇಕಿತ್ತು. ಆದ್ರ ಅಪ್ಪ ಇದ್ದಾಗರೆ ಹೇಳಬೇಕಿತ್ತಲೇ ನೀ. ಆಗ ನಾ ಒಬ್ಬನ ದಡ್ಡ ಅಂತ ಅನ್ನಿಸ್ತಿರಲಿಲ್ಲ. ಎಲ್ಲಾರೂ ಸಂಭಾಳಸ್ತಾರ, ನಂಗ್ ಆಗವಲ್ದು ಅಂತ ಬಸ್ಸಿನಾಗ ಕುಂತು ಎಷ್ಟ್ ಸಲ ಅತ್ತೀನಿ."

ಸಾರಿ ಅಂದೆ. ಬಹಳ ಚಿಕ್ಕ ಪದ ಅನ್ನಿಸ್ತು. ಅವನೂ ಪರವಾಗಿಲ್ಲ ಅಂತ ಹೇಳಲಿಲ್ಲ. ಹೇಳದೇ ಇದ್ದದ್ದೇ ಒಳ್ಳೇದಾಯ್ತು.

ಫೋನ್ ಇಡ್ತಾನೆ ಅಂದ್ಕೊಂಡೆ. ಇಡಲಿಲ್ಲ. "ಈಗ್ಯಾಕ ನೆನಪಾತು ಇದೆಲ್ಲಾ?" ಅಂತ ಕೇಳಿದ.

ಏರಿಯಾ 88 ಮತ್ತೆ ಓದಿದೆ ಅಂದೆ.

"ಹೌದೇನ್! ಎಫ್-20!" ಅವನ ದನಿ ಒಮ್ಮೆಲೇ ಹಾಸ್ಟೆಲ್ ದನಿ ಆಯ್ತು. "ಅರ್ಧಕ್ಕ ಬಿಟ್ಟಿದ್ವಲಾ ನಾವು. ಫೈಲ್ ಕರಪ್ಟ್ ಆಗಿತ್ತು. ಆಮ್ಯಾಲೆ ಏನಾತಲೇ ಅದು? ಶಿನ್ ಮನಿಗೆ ಹೋದನೇನ್?"

ಉತ್ತರ ನನಗೆ ಗೊತ್ತಿತ್ತು. ಫೋನಲ್ಲಿ ಹೇಳೋಕೆ ಮನಸ್ಸಾಗಲಿಲ್ಲ.

"ಬಂದು ಹೇಳ್ತೀನಿ" ಅಂದೆ. "ಶನಿವಾರ ಇರ್ತೀಯಾ?"

"ಎಲ್ಲಿ ಹೋಗ್ಲಿ? ಹಿಂಗಾರಿ ಸೀಜನ್, ಅಂಗಡಿ ತುಂಬ ಮಂದಿ" ಅಂದ. "ಬಾ. ಅವ್ವ ಕೇಳ್ತಿರ್ತಾಳ ನಿನ್ನ."

ಶುಕ್ರವಾರ ರಾತ್ರಿಯ ಗದಗ ಬಸ್ಸಿಗೆ ಟಿಕೆಟ್ ಬುಕ್ ಮಾಡಿದೀನಿ. ಅವನು ವಾರ ವಾರ ಹೋಗ್ತಿದ್ದ ಅದೇ ಬಸ್ಸು. ನಾನು ಅದರಲ್ಲಿ ಒಂದು ಸಲವೂ ಕೂತಿಲ್ಲ.